ದೇವಿಂದ್ರಪ್ಪನ ಬಾಯಿರುಚಿ

ಐನಾಪುರದ ದೇವಿಂದ್ರಪ್ಪ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿ ತಿಂದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಬಿಳಿಜೋಳದ ರೊಟ್ಟಿ, ಬೇಳೆ, ನಂಚಿಕೊಳ್ಳಲು ಒಂದು ಉಳ್ಳಾಗಡ್ಡಿ. ಬೇಸಿಗೆಯಿರಲಿ ಮಳೆಗಾಲವಿರಲಿ, ಅಷ್ಟೇ. ಹಬ್ಬದ ದಿನ ಹೋಳಿಗೆ ಬಡಿಸಿದರೆ ಒಂದನ್ನು ತಿಂದು ತಾಟಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಉಪ್ಪು ಹೆಚ್ಚಾದರೂ ಮಾತಿಲ್ಲ, ಉಪ್ಪನ್ನೇ ಮರೆತರೂ ಮಾತಿಲ್ಲ. ಯಾರಾದರೂ ಊಟದ ರುಚಿಯ ಸುದ್ದಿ ತೆಗೆದರೆ, "ಏನದ ತಿನ್ನೋದರಾಗ? ಹೊಟ್ಟಿ ತುಂಬಿತಿಲ್ಲೋ, ಮುಗೀತು" ಎಂದು ಏಳುತ್ತಿದ್ದ.

ಸೊಸೆ ಶರಣಬಸಮ್ಮ ದಂಡೋತಿಯಿಂದ ಈ ಮನೆಗೆ ಬಂದಾಗ ಇನ್ನೂ ಎಳೆಯ ಹುಡುಗಿ. ಬಂದ ಹೊಸತರಲ್ಲಿ ಒಂದು ದಿನ ಒರಳಿನ ಪಕ್ಕ ಕೂತು ಹುರಿದ ಶೇಂಗಾಕ್ಕೆ ಬೆಲ್ಲ ಕಡಿದುಕೊಂಡು ತಿನ್ನುತ್ತಿದ್ದಳು. ಮಾವ ನೋಡಿದ. ಬೈಯಲಿಲ್ಲ. ಆದರೆ ಮರುದಿನ ಬೆಲ್ಲದ ಗಡಿಗೆ ಅಡುಗೆಮನೆಯಿಂದ ಎದ್ದುಹೋಗಿ ಅವನು ಮಲಗುವ ಹೊರಸಿನ ಕೆಳಗೆ ಕೂತಿತ್ತು. ಅತ್ತೆ ತೀರಿಕೊಂಡು ಮನೆ ಅವಳ ಕೈಗೆ ಬಂದ ಮೇಲೆ ಗಡಿಗೆಯೂ ತಿರುಗಿ ಬಂತು. ಅಷ್ಟರಲ್ಲಿ ಅವಳಿಗೆ ಎರಡು ಮಕ್ಕಳಾಗಿದ್ದವು. ಕೂತು ಬೆಲ್ಲ ಕಡಿಯುವ ಪುರುಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಪೋಲೀಸ್ ಆಕ್ಷನ್ ಆಗಿ ನಾಲ್ಕು ವರ್ಷ ಕಳೆದಿತ್ತು. ಆ ವರ್ಷ ಮಹಾನವಮಿ ಮುಗಿದದ್ದೇ ದೇವಿಂದ್ರಪ್ಪ ಜ್ವರದಿಂದ ಮಲಗಿದ. ಚಿಂಚೋಳಿಯ ದವಾಖಾನೆಯಿಂದ ತಂದ ಔಷಧಿಗೆ ಜ್ವರವೇನೋ ಇಳಿಯಿತು. ಊಟ ಮಾತ್ರ ಸೇರಲಿಲ್ಲ. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿಟ್ಟರೆ ಹಾಗೇ ಇರುತ್ತಿತ್ತು. ಗಂಜಿ ಮಾಡಿದರೆ ಎರಡು ಗುಟುಕು ಕುಡಿದು ಬಟ್ಟಲು ಸರಿಸುತ್ತಿದ್ದ. ತೋಳಿನ ಮಾಂಸ ಜೋತುಬಿದ್ದು, ಕೊರಳಲ್ಲಿದ್ದ ಶಿವದಾರ ಎಲುಬಿನ ಮೇಲೆ ನೇತುಹಾಕಿದಂತೆ ಕಾಣುತ್ತಿತ್ತು.

"ಡಾಕ್ಟರು ಏನಂದ್ರು?" ಎಂದು ಶರಣಬಸಮ್ಮ ಗಂಡನನ್ನು ಕೇಳಿದಳು.

"ಬಾಯಿಗೆ ಏನು ಸೇರತದೋ ಅದನ್ನ ಕೊಡ್ರಿ ಅಂದ್ರು" ಎಂದ ಅಮೃತಪ್ಪ. "ಅಪ್ಪಗ ಬಾಯಿಗೆ ಏನು ಸೇರತದ ಅಂತ ಯಾರಿಗಿ ಗೊತ್ತದ? ಯಾವಾಗರೆ ಹೇಳ್ಯಾನೇನು?"

ಒಂದು ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮಾವ ಮಂಪರಿನಲ್ಲಿದ್ದ. ಇದ್ದಕ್ಕಿದ್ದಂತೆ ತುಟಿ ಅಲುಗಿದವು. "ಕರೀಮ್ಯಾ, ತೆಗಿಯೋ, ಸಾಕು... ಬೂದಿ ಝಾಡಸು... ನಂದು ಅದು, ಕಣ್ಣು ಬಿಟ್ಟಿದ್ದು ನಂದು." ಹಾಗೆನ್ನುತ್ತ ನಿದ್ದೆಯಲ್ಲೇ ಬೆರಳಿನಿಂದ ಏನನ್ನೋ ಬಿಡಿಸಿ ಬಾಯಿಗೆ ಇಟ್ಟುಕೊಂಡ. ಗಂಟಲು ಆಡಿತು. ಎಷ್ಟೋ ದಿನದ ಮೇಲೆ ಅವನು ನುಂಗಿದ್ದನ್ನು ಅವಳು ನೋಡಿದ್ದು ಅದೇ ಮೊದಲು, ಅದೂ ಏನೂ ಇಲ್ಲದ್ದನ್ನು.

ಎಚ್ಚರವಾದ ಮೇಲೆ ಕೇಳಿದಳು. "ಮಾವಾರ, ಏನರೆ ತಿನಬೇಕು ಅನಸ್ಲಕತ್ತದೇನ್ರಿ?"

"ಏನಿಲ್ಲ."

"ಕಣ್ಣು ಬಿಟ್ಟಿದ್ದು ಅಂತಿದ್ರಿ. ಸೀತಾಫಲ ಏನ್ರಿ?"

ಮಾವ ಗೋಡೆಯ ಕಡೆ ಹೊರಳಿದ. ಸಿಕ್ಕಿಬಿದ್ದವನ ಹಾಗೆ ಕಿವಿ ಕೆಂಪಾಗಿತ್ತು. ಅವಳಿಗೆ ಅಷ್ಟು ಸಾಕಾಯಿತು. ಬಲಿತು ಕಣ್ಣು ಬಿಡುವ ಸೀತಾಫಲದ ಕಾಲವೇ ಅದು. ಸಂತೆಯಿಂದ ಒಳ್ಳೆ ಹಣ್ಣು ತರಿಸಿ, ಬಿಡಿಸಿ, ಬೀಜ ತೆಗೆದು ಬಟ್ಟಲಲ್ಲಿ ಹಾಕಿ ಕೊಟ್ಟಳು. ಮಾವ ಒಂದು ಎಸಳು ಬಾಯಲ್ಲಿಟ್ಟು ಬಹಳ ಹೊತ್ತು ಹಾಗೇ ಇಟ್ಟುಕೊಂಡ. ಆಮೇಲೆ ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟ.

"ಇದಲ್ಲ" ಎಂದ. ಅಂದದ್ದಕ್ಕೆ ತಾನೇ ನಾಚಿ, "ಹುಡುಗರಿಗಿ ಕೊಡು" ಎಂದು ಸೇರಿಸಿದ.

ಆ ರಾತ್ರಿಯ ಊಟದ ಹೊತ್ತಿಗೆ ಶರಣಬಸಮ್ಮ ಗಂಡನ ಮುಂದೆ ಮಾತು ತೆಗೆದಳು. ಕರೀಮ್ಯಾ ಅಂದರೆ ಅಬ್ದುಲ್ ಕರೀಮನೇ ಇರಬೇಕು. ಮೊದಲು ಇದೇ ಐನಾಪುರದಲ್ಲಿ, ಓಣಿಯ ಕೊನೆಯ ಮನೆಯಲ್ಲಿದ್ದ ಮಾವನ ಗೆಳೆಯ. ಪೋಲೀಸ್ ಆಕ್ಷನ್ನಿನ ಗಲಾಟೆಯ ವರ್ಷ ಹೆಂಡತಿಯನ್ನು ಕರೆದುಕೊಂಡು ಚಂದ್ರಂಪಳ್ಳಿಯ ಕಡೆ ಹೋದವನು ಅಲ್ಲೇ ಉಳಿದುಬಿಟ್ಟಿದ್ದ.

"ನಾಳಿ ಬಂಡಿ ಕಟ್ರಿ" ಎಂದಳು.

"ಒಂದು ಕನಸಿನ ಮಾತಿಗಿ ಅಷ್ಟು ದೂರ ಹೋಗೋದೇನು?"

"ರೊಟ್ಟಿ ಮಾತಿಗಿ ಅಂತೂ ಅವರು ಬಾಯಿ ತೆರಿಲಿಲ್ಲಲ್ರಿ. ಕನಸಿಂದೇ ನೋಡಮು."

ಮರುದಿನ ಬೆಳಿಗ್ಗೆ ಬಂಡಿ ಹೊರಟಿತು. ಚಂದ್ರಂಪಳ್ಳಿಯ ಹಾದಿ ಹಿಡಿಯುತ್ತಲೇ ಎರಡೂ ಬದಿಗೆ ಅಡವಿ ಸೇರಿಕೊಂಡಿತು. ಕೆಂಪು ಕಲ್ಲಿನ ದಿಬ್ಬಗಳ ಮೇಲೆ ಎಲ್ಲೆಲ್ಲೂ ಸೀತಾಫಲದ ಗಿಡಗಳು. ಯಾರೂ ನೆಡದೆ, ಯಾರೂ ನೀರು ಹಾಕದೆ ತಾವೇ ಹುಟ್ಟಿದವು. ತೇಗದ ಎಲೆಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಊರಾಚೆ, ಹಂಚಿನ ಪುಟ್ಟ ಮನೆಯ ಅಂಗಳದಲ್ಲಿ ಅಬ್ದುಲ್ ಕರೀಮ್ ಎತ್ತಿನ ಮೂಗುದಾರ ಹೊಸೆಯುತ್ತಿದ್ದ. ಬಂಡಿಯನ್ನು ನೋಡಿ ಎದ್ದುನಿಂತವನು ಅಮೃತಪ್ಪನ ಗುರುತು ಹತ್ತಿದೊಡನೆ ಬಿಳಿಚಿಕೊಂಡ.

"ದೇವಿಂದ್ರ್ಯಾ ಹೋದನೇನಪಾ?"

"ಇಲ್ಲ್ರಿ ಕಾಕಾ, ಹಂಗೇನಿಲ್ಲ" ಎಂದು ಅಮೃತಪ್ಪ ಗಡಿಬಿಡಿಯಿಂದ ಹೇಳಿದ. ಕರೀಮ್ ಮತ್ತೆ ಕುಸಿದು ಕೂತ. ಒಳಗಿನಿಂದ ಅವನ ಹೆಂಡತಿ ರಶೀದಾಬೇಗಂ ಬಂದು ಶರಣಬಸಮ್ಮನ ಕೈಹಿಡಿದು ಚಾಪೆಯ ಮೇಲೆ ಕೂಡಿಸಿದಳು. ಶರಣಬಸಮ್ಮ ಜ್ವರ ಬಂದಿದ್ದು, ಊಟ ಬಿಟ್ಟಿದ್ದು, ನಿದ್ದೆಯಲ್ಲಿ ಆಡಿದ್ದು ಎಲ್ಲವನ್ನೂ ಹೇಳಿದಳು. ಬೆರಳಿನಿಂದ ಬಿಡಿಸಿ ಬಾಯಿಗೆ ಇಟ್ಟುಕೊಂಡದ್ದನ್ನು ಹೇಳುವಾಗ ಕರೀಮ್ ನಗತೊಡಗಿದ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ.

"ಹಣ್ಣಲ್ಲವ್ವಾ, ಕಾಯಿ. ಕಣ್ಣು ಬಿಟ್ಟ ಕಾಯಿ ಕೆಂಡದಾಗ ಸುಡತಿದ್ದಿವಿ. ಇಲ್ಲೇ, ಈ ಗುಡ್ಡದ ಮ್ಯಾಲೆ. ಗೌಡರ ಎಮ್ಮಿ ಕಾಯ್ಲಕ ಬರತಿದ್ದಿವಿ ಇಬ್ರೂ. ಮಧ್ಯಾಹ್ನಕ ಬುತ್ತಿ ಇರತಿದ್ದಿಲ್ಲ, ಇದೇ ನಮ್ದು ಬುತ್ತಿ."

"ಅಪ್ಪ ಎಮ್ಮಿ ಕಾಯ್ದಾನ?" ಎಂದ ಅಮೃತಪ್ಪ. ಅವನ ದನಿಯಲ್ಲಿ ನಂಬಿಕೆಯಿರಲಿಲ್ಲ. ಊರಲ್ಲಿ ನಾಲ್ಕು ಜನ ಎದ್ದುನಿಂತು ಮಾತಾಡಿಸುವ ಮನೆತನ ಅವರದು.

"ನಿಮ್ಮಜ್ಜ ಸತ್ತಾಗ ಅಂವ ಇಷ್ಟೇ ಇದ್ದ. ದಾಯಾದಿಗಳು ಹೊಲ ಹಿಡಕೊಂಡು ಕುಂತಿದ್ರು. ದೊಡ್ಡವ ಆಗಿ ಬಿಡಿಸಿಕೊಳ್ಳೋತನ ಎಮ್ಮೀನೇ ಗತಿ. ಹೇಳಿಲ್ಲೇನು ನಿಮಗ?" ಕರೀಮ್ ಇಬ್ಬರ ಮುಖವನ್ನೂ ನೋಡಿದ. "ಹೇಳಿಲ್ಲ. ಹಂಗಾದ್ರ ನಾನೂ ಹೇಳಿಲ್ಲ ಅನ್ಕೋರಿ."

ಶರಣಬಸಮ್ಮನಿಗೆ ಬೆಲ್ಲದ ಗಡಿಗೆಯ ನೆನಪಾಯಿತು. ಇಷ್ಟು ವರ್ಷ ಅದನ್ನು ಜಿಪುಣತನ ಎಂದುಕೊಂಡಿದ್ದಳು. ಈಗ ನೋಡಿದರೆ ಅದು ಹೆದರಿಕೆಯೂ ಇದ್ದಿರಬಹುದು. ಒಮ್ಮೆ ಇಲ್ಲವಾದದ್ದು ಮತ್ತೊಮ್ಮೆ ಇಲ್ಲವಾದೀತು ಎಂಬ ಹೆದರಿಕೆ. ಹಾಗೆಂದುಕೊಂಡರೂ ಅಂದು ಬೆಲ್ಲ ಕಡಿಯುತ್ತಿದ್ದ ಆ ಹುಡುಗಿಗೆ ಆದ ನೋವೇನೂ ಸುಳ್ಳಾಗಲಿಲ್ಲ. ಅದು ಒಂದು ಕಡೆ ಇತ್ತು, ಇದು ಒಂದು ಕಡೆ ಬಂದು ಕೂತಿತು.

"ನೀವು ಬರ್ರಿ ಕಾಕಾ" ಎಂದಳು.

ಕರೀಮ್ ಮೂಗುದಾರವನ್ನು ಕೈಯಲ್ಲಿ ಸುತ್ತಿದ, ಬಿಚ್ಚಿದ. "ಗಲಾಟಿ ಆದಾಗಿಂದ ಅಂವ ಈ ಕಡಿ ಬಂದಿಲ್ಲ, ನಾ ಆ ಕಡಿ ಹೋಗಿಲ್ಲ. ಜಗಳ ಏನಿಲ್ಲವ್ವಾ ನಮ್ಮಿಬ್ಬರದು. ಮೊದಲು ಯಾರು ಹೋಗಬೇಕು ಅನ್ನೋದರಾಗೇ ಇಷ್ಟು ದಿನ ಆತು. ಈಗ ಬಂದ್ರ ಊರಾಗ ಛಲೋ ಕಾಣತದೇನು?"

"ಬಿಮಾರ್ ಇದ್ದಾರ ಅಂತ ಸೊಸಿ ಇಷ್ಟು ದೂರ ಬಂದಾಳ" ಎಂದು ರಶೀದಾಬೇಗಂ ಒಳಗಿನಿಂದ ಅವನ ಕಂಬಳಿ ತಂದು ಮಡಿಲಲ್ಲಿ ಹಾಕಿದಳು. "ಊರು ಏನಂತದ ಅಂತ ಸೋಚ್ ಮಾಡ್ಲಕತ್ತೀರಲ್ಲ ಜೀ. ಏಳ್ರಿ."

ಕಾಯಿಗಳನ್ನು ಕರೀಮನೇ ಕಿತ್ತ. ಗಿಡದಿಂದ ಗಿಡಕ್ಕೆ ಹೋಗಿ, ಹೊರಳಿಸಿ ನೋಡಿ, ಹಸಿರು ಉಬ್ಬುಗಳ ನಡುವಿನ ಗೆರೆ ಬೆಳ್ಳಗೆ ಅಗಲವಾಗಿ ಕಣ್ಣು ಬಿಟ್ಟದ್ದನ್ನಷ್ಟೇ ಮುರಿದು ಕಂಬಳಿಯಲ್ಲಿ ಹಾಕಿಕೊಂಡ.

ಬಂಡಿ ಐನಾಪುರ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ದೇವಿಂದ್ರಪ್ಪ ಅಂಗಳದ ಹೊರಸಿನ ಮೇಲೆ ಹೊದ್ದು ಕೂತಿದ್ದ. ಬಂಡಿಯಿಂದ ಇಳಿದವನನ್ನು ನೋಡಿದ. ಏನು ಮಾತಾಡಿಯಾರೋ ಎಂದು ಶರಣಬಸಮ್ಮ ತಲೆಯ ಮೇಲಿನ ಸೆರಗು ಹಿಡಿದು ಬಾಗಿಲಲ್ಲೇ ನಿಂತಳು.

"ಮುದುಕ ಆದ್ಯಲ್ಲೋ" ಎಂದ ದೇವಿಂದ್ರಪ್ಪ.

"ನೀ ಭಾಳ ಜವಾನ್ ಕಾಣಸ್ಲಕತ್ತಿ" ಎಂದ ಕರೀಮ್.

ಅಷ್ಟೇ. ಗಲಾಟೆಯ ಮಾತು ಬರಲಿಲ್ಲ, ನಾಲ್ಕು ವರ್ಷದ ಮಾತೂ ಬರಲಿಲ್ಲ. ಕರೀಮ್ ಅಂಗಳದ ಮೂಲೆಯಲ್ಲಿ ಸೆಗಣಿಯ ಕುಳ್ಳು ಒಟ್ಟಿ ಬೆಂಕಿ ಹಚ್ಚಿದ. ಉರಿ ಇಳಿದು ಕೆಂಡವಾದ ಮೇಲೆ ಕಾಯಿಗಳನ್ನು ಹೂಳಿ ಮೇಲೆ ಬಿಸಿ ಬೂದಿ ಎಳೆದ. ಸ್ವಲ್ಪ ಹೊತ್ತಿಗೆ ಸಿಪ್ಪೆ ಸುಡುವ ವಾಸನೆ ಎದ್ದಿತು. ಹಸಿ ಎಲೆ, ಹೊಗೆ, ಸಕ್ಕರೆ ಮೂರೂ ಕಲೆತಂಥ ವಾಸನೆ. ದೇವಿಂದ್ರಪ್ಪನ ಮೂಗಿನ ಹೊಳ್ಳೆ ಅರಳಿದವು.

"ತೆಗಿಯೋ, ಸಾಕು."

"ತಡಿ. ಆಗನೂ ನಿಂದು ಇದೇ ಗಡಿಬಿಡಿ. ಹಸೀದು ತಿಂದು ಹೊಟ್ಟಿ ಹಿಡಕೊಂಡು ಕೂಡತಿದ್ದಿ."

"ನೀ ಸುಟ್ಟು ಕರಿ ಮಾಡತಿದ್ದಿ. ಒಂದು ದಿನರೆ ಹದಕ ತೆಗದೀಯೇನು?"

ಹದಕ್ಕೆ ಬಂದಿದೆ, ಬಂದಿಲ್ಲ ಎಂದು ಜಗಳಾಡುತ್ತಲೇ ಒಂದನ್ನು ಹೊರಗೆಳೆದರು. ಕರೀಮ್ ಅದನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತ ಬೂದಿ ಝಾಡಿಸಿ ಒಡೆದ. ಒಳಗೆ ಬೆಳ್ಳಗಿನ ತಿರುಳು ಹೊಗೆಯಾಡುತ್ತಿತ್ತು. ದೇವಿಂದ್ರಪ್ಪ ಬೆರಳಿನಿಂದ ಎತ್ತಿ ಬಾಯಲ್ಲಿಟ್ಟುಕೊಂಡ. ಬಿಸಿಗೆ ಬಾಯಿ ತೆರೆದು ಹಾ ಹಾ ಎಂದು ಉಸಿರು ಬಿಟ್ಟ. ಬೀಜ ಉಗುಳಿದ. ಇನ್ನೊಂದು ಎಸಳು. ಮತ್ತೊಂದು. ತುಟಿಯ ಸುತ್ತ, ಬಿಳಿ ಮೀಸೆಯ ಮೇಲೆ ಕರಿ ಹತ್ತಿತು. ಮೊಮ್ಮಕ್ಕಳು ಕಣ್ಣು ಬಿಟ್ಟು ನೋಡುತ್ತಿದ್ದವು. ಅಜ್ಜನ ಹಲ್ಲನ್ನು ಅವು ಇಷ್ಟು ಹೊತ್ತು ಒಮ್ಮೆಗೇ ಎಂದೂ ಕಂಡಿರಲಿಲ್ಲ.

"ಹೆಂಗದ?" ಎಂದ ಕರೀಮ್.

"ಅಂದಿನಂಗ ಇಲ್ಲ" ಎಂದ ದೇವಿಂದ್ರಪ್ಪ ತಿನ್ನುತ್ತ. "ಇನ್ನೊಂದು ತೆಗಿ."

ಶರಣಬಸಮ್ಮ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅಳುವಂಥದ್ದು ಏನೂ ಆಗಿರಲಿಲ್ಲ. ಆದರೂ ಸೆರಗಿನಿಂದ ಮುಖ ಒರೆಸಿಕೊಂಡಳು, ಕಂಬಳಿಯಲ್ಲಿ ಬಂದ ಕಾಯಿಗಳ ಜೊತೆ ಏನೋ ಒಂದು ಭಾರ ಇಳಿದುಹೋದ ಹಾಗೆ.

ಅಂದಿನಿಂದ ಮನೆಯಲ್ಲಿ ಒಂದು ಹೊಸ ಪೀಕಲಾಟ ಶುರುವಾಯಿತು. ಕೇಳಲು ಬಾರದಿದ್ದವನಿಗೆ ಕೇಳುವುದು ಬಂದುಬಿಟ್ಟಿತು. ಇವತ್ತು ಪುಂಡಿಪಲ್ಲೆಗೆ ಬೆಳ್ಳುಳ್ಳಿ ಒಗ್ಗರಣೆ ಜೋರಾಗಿರಲಿ. ನಾಳೆ ಹುಣಸೆಹಣ್ಣು, ಬೆಲ್ಲ, ಉಪ್ಪು, ಮೆಣಸಿನಕಾಯಿ, ಜೀರಿಗೆ ಕುಟ್ಟಿ ಕಡ್ಡಿಗೆ ಅಂಟಿಸಿದ ಚಿಗಳಿ. ಅದನ್ನು ಅಜ್ಜನೂ ಮೊಮ್ಮಕ್ಕಳೂ ಕಟ್ಟೆಯ ಮೇಲೆ ಸಾಲಾಗಿ ಕೂತು ಚೀಪಿದರು. ಮತ್ತೊಂದು ದಿನ ರೊಟ್ಟಿಯನ್ನು ಒಲೆಯ ಪಕ್ಕ ನಿಲ್ಲಿಸಿ ಕಟಕಟ ಎನ್ನುವಂತೆ ಒಣಗಿಸಿ, ಮೇಲೆ ಕುಸುಬಿ ಎಣ್ಣೆ, ಖಾರ. ಮೈಯಲ್ಲಿ ಶಕ್ತಿ ತುಂಬಿತು. ಬಡಿಗೆ ಹಿಡಿದು ಓಣಿಯವರೆಗೆ ಹೋಗಿಬರತೊಡಗಿದ. ಶರಣಬಸಮ್ಮನಿಗೆ ಕೆಲವು ದಿನ ಸಂತೋಷ, ಕೆಲವು ದಿನ ಸಿಟ್ಟು. ಕಣ್ಣಿಗೆ ಹೊಗೆ ಹೊಡೆದ ಒಂದು ಬೆಳಿಗ್ಗೆ, "ಇವರಿಗಿ ರುಚಿ ಕಲಿಸಿದ್ದು ನನ್ನದೇ ತಪ್ಪು ನೋಡ್ರಿ" ಎಂದು ಗಂಡನ ಮುಂದೆ ಗೊಣಗಿದಳು.

ಅದು ಮಾವನ ಕಿವಿಗೂ ಬಿದ್ದಿತೋ ಏನೋ. ಅಂದು ಊಟ ಮುಗಿಸಿ ಕೈತೊಳೆದವನು ಹೋಗಲಿಲ್ಲ, ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತ.

"ಶರಣಮ್ಮಾ."

"ಏನ್ರಿ ಮಾವಾರ?"

"ನೀ ಸಣ್ಣಾಕಿದ್ದಾಗ ಏನು ತಿಂತಿದ್ದಿ?"

ಅವಳಿಗೆ ತಟ್ಟನೆ ಅರ್ಥವಾಗಲಿಲ್ಲ. "ಎಲ್ಲಾರೂ ತಿನ್ನೋದೇ ತಿಂತಿದ್ದಿವ್ರಿ."

"ಅದಲ್ಲ. ನಿನಗ ಭಾಳ ಸೇರೋದು ಯಾವದು?"

ಈ ಮನೆಗೆ ಬಂದು ಇಷ್ಟು ವರ್ಷವಾಗಿತ್ತು. ಎಷ್ಟು ಹಿಟ್ಟು ಬೀಸಿದಿ, ಎಷ್ಟು ರೊಟ್ಟಿ ಉಳಿದವು, ಹಾಲು ಉಕ್ಕಿತೇ ಎಂದು ಕೇಳಿದವರಿದ್ದರು. ಇದನ್ನು ಕೇಳಿದವರಿರಲಿಲ್ಲ. ಗಂಡನೂ ಕೇಳಿರಲಿಲ್ಲ, ಕೇಳಬಾರದೆಂದಲ್ಲ, ಅವನಿಗೆ ಹೊಳೆದಿರಲಿಲ್ಲ. ಅವಳ ಬಾಯಿಗೆ ಉತ್ತರ ಬಂತು, ಅದನ್ನು ಅಲ್ಲೇ ತಡೆದಳು. ಏಕೆಂದರೆ ಅವಳ ಮನಸ್ಸಿಗೆ ಬಂದದ್ದು ಸೀತನಿ. ಹಿಂಗಾರಿ ಜೋಳ ಹಾಲುಗಾಳು ಕಟ್ಟಿದಾಗ ಎಳೆ ತೆನೆ ಮುರಿದು ಕೆಂಡದಲ್ಲಿ ಸುಟ್ಟು, ಬಡಿದು, ಕೇರಿ ತಿನ್ನುವ ಹಸಿರು ಕಾಳು. ಮಾವನ ಹೊಲದಲ್ಲಿ ಅದು ಎಂದೂ ಆದದ್ದಲ್ಲ. ನಾಳೆ ಚೀಲ ತುಂಬುವ ಕಾಳನ್ನು ಇವತ್ತು ಬಾಯಿಚಪಲಕ್ಕೆ ಮುರಿಯುವುದು ಅವನ ಲೆಕ್ಕದಲ್ಲಿ ಪಾಪ. ಕೂಲಿಯ ಹೆಂಗಸೊಬ್ಬಳು ಒಮ್ಮೆ ನಾಲ್ಕು ತೆನೆ ಮುರಿದದ್ದಕ್ಕೆ ಅವನು ಬದುವಿನ ಮೇಲೆ ನಿಂತು ಕೂಗಾಡಿದ್ದು ಊರಿಗೆಲ್ಲ ಕೇಳಿಸಿತ್ತು.

"ಪುಟಾಣಿ ಬೆಲ್ಲ ಸೇರತಿತ್ತ್ರಿ" ಎಂದಳು.

ಮಾವ ಸಂಜೆಗೆ ಅಂಗಡಿಯಿಂದ ಹುರಿದ ಪುಟಾಣಿ ಕಡಲೆ ತಂದ. ತಂದು ಅವಳ ಮುಂದೆ ಇಟ್ಟು ನಿಂತೇ ಇದ್ದ. ಅವಳು ಸೆರಗಿನ ಮರೆಯಲ್ಲಿ ಎರಡು ಕಾಳು ಬಾಯಿಗೆ ಹಾಕಿಕೊಂಡಳು.

"ಇದಲ್ಲ ಬಿಡು ನಿಂದು" ಎಂದ ಮಾವ. "ನಾನೂ ಗೋಡಿ ಕಡಿ ಮುಖ ಮಾಡಿ ಮಲಗಿದಾಂವ. ನನಗ ಗೊತ್ತಾಗಂಗಿಲ್ಲೇನು?"

ಆಗ ಅವಳು ಹೇಳಿಬಿಟ್ಟಳು. ಮೊದಲು ಒಂದು ಮಾತು. ಆಮೇಲೆ ನಿಲ್ಲಿಸಲು ಆಗಲಿಲ್ಲ. ದಂಡೋತಿಯಲ್ಲಿ ಕಾಗಿಣಾ ಹೊಳೆಯ ದಂಡೆಗೆ ಅಪ್ಪನ ಹೊಲವಿದ್ದದ್ದು. ಎಳೆ ಬಿಸಿಲಿನಲ್ಲಿ ಅವ್ವ ಕಂಬಳಿಯ ಮೇಲೆ ಸುಟ್ಟ ತೆನೆ ಹಾಕಿ ಕೋಲಿನಿಂದ ಬಡಿಯುತ್ತಿದ್ದದ್ದು. ಅಂಗೈಯಲ್ಲಿ ತಿಕ್ಕಿ ಉಫ್ ಎಂದು ಊದಿದರೆ ಹೊಟ್ಟು ಹಾರಿ ಅಣ್ಣನ ತಲೆಯ ಮೇಲೆ ಬೀಳುತ್ತಿದ್ದದ್ದು. ನಂಚಿಕೊಳ್ಳಲು ಖಾರದ ಶೇಂಗಾ ಹಿಂಡಿ, ಗಟ್ಟಿ ಮೊಸರು. ತಿಂದು ಹೊಳೆಯ ನೀರು ಕುಡಿದರೆ ಬಾಯೆಲ್ಲ ಸಿಹಿ. ಅವ್ವ ಅಪ್ಪ ಇಬ್ಬರೂ ಹೋಗಿ, ಹೊಲ ಬೇರೆಯವರ ಪಾಲಾಗಿದ್ದದ್ದನ್ನು ಅವಳು ಹೇಳಲಿಲ್ಲ. ಅದು ಮಾವನಿಗೆ ಗೊತ್ತಿತ್ತು.

ದೇವಿಂದ್ರಪ್ಪ ಕೇಳಿಸಿಕೊಂಡ. ಬಡಿಗೆ ಊರುತ್ತ ಹೊರಗೆ ಹೋದ. ಹೇಳಬಾರದಿತ್ತು ಎಂದು ಶರಣಬಸಮ್ಮ ತನ್ನನ್ನೇ ಬೈದುಕೊಂಡಳು. ದೀಪಾವಳಿ ಬಂದು ಹೋಯಿತು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದರು. ಆಗಲೂ ಮಾವ ಬೆಳೆಯನ್ನು ನೋಡಿದನೇ ಹೊರತು ತುಟಿ ಬಿಚ್ಚಲಿಲ್ಲ. ಅವಳೂ ಆ ಮಾತನ್ನು ಮರೆತಂತೆಯೇ ಇದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಮೃತಪ್ಪ ಹೊಲದಿಂದ ಏದುಸಿರು ಬಿಡುತ್ತ ಬಂದ. "ಅಪ್ಪ ನಿನ್ನ ಕರೀಲಕತ್ಯಾನ. ಜಲ್ದಿ ನಡಿ. ಮೊಸರು ತಗೊಂಡು ಬಾ ಅಂದಾನ."

"ಏನಾತ್ರಿ?"

"ನನಗ ಯಾಕ ಕೇಳತಿ, ಬಂದು ನೀನೇ ನೋಡು."

ದೂರದಿಂದಲೇ ಹೊಗೆ ಕಂಡಿತು. ಜೋಳ ಆಳೆತ್ತರ ನಿಂತಿತ್ತು, ಇಬ್ಬನಿಗೆ ತೊಯ್ದು. ಬದುವಿನ ಪಕ್ಕ ತಗ್ಗು ತೋಡಿ, ಕುಳ್ಳಿನ ಕೆಂಡದ ಮುಂದೆ ದೇವಿಂದ್ರಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ತೆನೆಗಳ ರಾಶಿ. ತಾನೇ ಒಳಗೆ ಹೋಗಿ ತಾನೇ ಮುರಿದು ತಂದದ್ದು. ಧೋತರದ ತುದಿ ಮೊಣಕಾಲಿನವರೆಗೂ ಒದ್ದೆಯಾಗಿತ್ತು. ಕೆಂಡದಲ್ಲಿದ್ದ ತೆನೆಗಳು ಒಂದು ಬದಿ ಕರಿಕಾಗಿ, ಇನ್ನೊಂದು ಬದಿ ಹಸಿಯಾಗಿದ್ದವು. ಅವನಿಗೆ ಸೀತಾಫಲ ತಿನ್ನಲು ಬರುತ್ತಿತ್ತೇ ಹೊರತು ಸುಡುವುದು ಬರುತ್ತಿರಲಿಲ್ಲ, ಸುಡುವವನು ಕರೀಮ್. ಸೀತನಿಯಂತೂ ಅವನ ಕೈಗೆ ಹೊಸದು.

ಅವಳನ್ನು ನೋಡಿ ಹೊಗೆಯಿಂದ ಕೆಂಪಾದ ಕಣ್ಣು ಎತ್ತಿದ. "ಕುಂದ್ರು" ಎಂದು ಕಂಬಳಿ ತೋರಿಸಿದ.

ಮಾವನ ಎದುರಿಗೆ ಅವಳು ಎಂದೂ ಕೂತವಳಲ್ಲ. ನಿಂತೇ ಇದ್ದಳು. ಅವನು ಕಂಬಳಿಯ ಮೇಲೆ ಸುಟ್ಟ ತೆನೆ ಹಾಕಿ ಬಡಿಗೆಯಿಂದ ಬಡಿದ. ಅಂಗೈಯಲ್ಲಿ ತಿಕ್ಕಿ ಊದಿದ. ಉಸಿರು ಸಾಲದೆ ಅರ್ಧ ಹೊಟ್ಟು ಅಲ್ಲೇ ಉಳಿಯಿತು. ಆ ಬೊಗಸೆಯನ್ನೇ ಅವಳ ಕಡೆ ಚಾಚಿದ. ಆಗ ಅವಳು ಕೂತಳು. ಎರಡೂ ಕೈಯೊಡ್ಡಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಮೊದಲು ಬಂದದ್ದು ಕರಿಕು, ಕಹಿ, ಹೊಟ್ಟಿನ ಚುಚ್ಚು. ಅದರೊಳಗಿಂದ ಎಲ್ಲೋ ಒಂದು ಕಾಳು ಹಲ್ಲಿಗೆ ಸಿಕ್ಕು ಪಟ್ಟನೆ ಒಡೆದು ಹಾಲು ಬಿಟ್ಟಿತು.

"ಹೆಂಗದ?" ಎಂದ ಮಾವ.

ಛಲೋ ಅದ ಅನ್ನಬೇಕೆಂದುಕೊಂಡಳು. ಹದಿನಾರು ವರ್ಷ ಹಾಗೆಯೇ ಅಂದಿದ್ದಳು.

"ಭಾಳ ಸುಟ್ಟದ್ರಿ ಮಾವಾರ" ಎಂದಳು. "ಇಷ್ಟು ಉರಿ ಇರಬಾರದ್ರಿ. ಕೆಂಡ ಹರವಿ, ತೆನಿ ಹೊರಳಿಸ್ಕೋತ ಇರಬೇಕು."

ದೇವಿಂದ್ರಪ್ಪ ತಾನೂ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದು ನೋಡಿದ. ಮುಖ ಕಿವುಚಿಕೊಂಡು ಪಕ್ಕಕ್ಕೆ ಉಗುಳಿದ.

"ಖರೇ ಅದ" ಎಂದ. "ಥೂ, ಬರೇ ಬೂದಿ. ನೀನೇ ಸುಡು. ಹೋಗು, ಒಂದಿಷ್ಟು ಛಲೋ ತೆನಿ ನೋಡಿ ಮುರಕೊಂಡು ಬಾ. ಅಮೃತ್ಯಾ, ಕೆಂಡ ಹರವೋ."

ಅವಳು ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ ಜೋಳದೊಳಗೆ ನುಗ್ಗಿದಳು. ಎಲೆಗಳ ಮೇಲಿನ ನೀರು ತಲೆಯ ಮೇಲೆ ಸುರಿಯಿತು, ಕೊರಳೊಳಗೆ ಇಳಿಯಿತು. ಕಾಳನ್ನು ಉಗುರಿನಿಂದ ಚಿವುಟಿ ನೋಡುತ್ತ, ಹಾಲು ಬಂದದ್ದನ್ನಷ್ಟೇ ಬಗ್ಗಿಸಿ ಮುರಿದಳು. ಲಟಕ್ ಎಂದಿತು. ಇನ್ನೊಂದು. ಹೊರಗೆ ಬದುವಿನ ಮೇಲೆ ಮಾವ ಮಗನಿಗೆ ಕೆಂಡ ಹೇಗೆ ಹರವಬೇಕೆಂದು ತಪ್ಪುತಪ್ಪಾಗಿ ಹೇಳಿಕೊಡುತ್ತಿದ್ದ.